ಹಿರಣ್ಯಕೇಶಿ ಎಂಬ ಗಿರಣಿಯವರು

ಆ ಶುಕ್ರವಾರ ಊಟದ ಹೊತ್ತಿಗೆ ಕರೆಂಟು ಹೋಯಿತು. ಹೋದರೆ ಸಂಜೆಗೇ ಬರುವುದು ಎಂದು ಮೂಡಲಗಿಯಲ್ಲಿ ಎಲ್ಲರಿಗೂ ಗೊತ್ತು. ನಮ್ಮ ಹಿಟ್ಟಿನ ಗಿರಣಿ ನಿಂತಿತು. ನನ್ನ ಗಂಡ ತಲೆಗೆ, ಕಿವಿಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಝಾಡಿಸಿ ಊಟಕ್ಕೆ ಬಂದರು. ಎಷ್ಟು ಝಾಡಿಸಿದರೂ ಹುಬ್ಬಿನ ಮೇಲಿನ ಹಿಟ್ಟು ಹೋಗುತ್ತಿರಲಿಲ್ಲ. ನಲವತ್ತೈದು ದಾಟುವುದರೊಳಗೆ ಮುದುಕರ ಹುಬ್ಬು ಬಂದಿತ್ತು.

ರೊಟ್ಟಿ, ಪುಂಡಿಪಲ್ಯ ಬಡಿಸಿದೆ. ಅವರು ಅಂಗಿಯ ಕಿಸೆಯಿಂದ ಒಂದು ಕಾರ್ಡು ತೆಗೆದು ತಾಟಿನ ಬಾಜೂ ಇಟ್ಟು ಓದಿದರು. ಗೋಕಾಕದ ಒಂದು ಸಾಹಿತ್ಯ ಸಂಘದವರು ಛಾಪಿಸಿದ ಆಮಂತ್ರಣ. ಬರುವ ಐತವಾರ, ಉದಯೋನ್ಮುಖ ಲೇಖಕಿ ಶ್ರೀಮತಿ ಹಿರಣ್ಯಕೇಶಿ ಅವರ ಮೊದಲ ಕಥಾಸಂಕಲನದ ಬಿಡುಗಡೆ, ಲೇಖಕಿಗೆ ಬಹುಮಾನ, ಸನ್ಮಾನ. ಎಲ್ಲರೂ ಬರಬೇಕು.

ಶ್ರೀಮತಿ ಹಿರಣ್ಯಕೇಶಿ ಅಂದರೆ ನನ್ನ ಗಂಡ.

"ಸೀರಿ ಉಟ್ಕೊಂಡು ಹೋಗ್ಲೇನು?" ಎಂದರು.

"ನನ್ನ ಹಸರ ಇಳಕಲ್ಲ ಸೀರಿ ಐತಿ, ಒಯ್ರಿ. ಕುಬಸ ನಿಮಗ ಆಗೂದಿಲ್ಲ" ಎಂದೆ.

ನಕ್ಕರು. ಆಮೇಲೆ ರೊಟ್ಟಿ ಮುರಿಯುವುದು ಬಿಟ್ಟು ಕಾರ್ಡು ಮತ್ತೊಮ್ಮೆ ಓದಿದರು.

"ಇಲ್ಲ. ಐತವಾರ ಹೋಗಿ ಹೇಳೇ ಬಿಡ್ತೇನಿ. ಬರದಾಂವ ನಾನ ಅಂತ. ಒಮ್ಮಿ ನನ್ನ ಹೆಸರು ಮೈಕಿನ್ಯಾಗ ಬಂದ್ರ ಸಾಕು."

"ಗಿರಣಿ?"

"ಗಿರಣಿದು ಏನಾಗ್ತೈತೋ ಆಗ್ಲಿ. ಇನ್ನೊಂದು ರೊಟ್ಟಿ ಹಾಕ."

ಹಾಕಿದೆ. ತಿಂದರು. ಕಟ್ಟೆಯ ಮೇಲೆ ಹೋಗಿ ಮಲಗಿದರು. ಅಷ್ಟೇ ಆ ದಿನ. ಮತ್ತೇನೂ ಆಗಲಿಲ್ಲ.

ನನ್ನ ಗಂಡನ ಹೆಸರು ಮಾಲಿಂಗಪ್ಪ ರಾಮಪ್ಪ ಹೊಸೂರ. ಗಂಡನ ಹೆಸರು ಬಾಯಲ್ಲಿ ಹೇಳಬಾರದು. ಬರೆಯಬಾರದು ಎಂದು ಮಾತ್ರ ಯಾರೂ ಹೇಳಿಲ್ಲ. ಆ ನಿಯಮ ಮಾಡಿದವರಿಗೆ ಹೆಂಗಸರು ಬರೆದಾರು ಎಂಬ ಅಂಜಿಕೆ ಇರಲಿಲ್ಲ. ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು. ನಿಧಾನ ಬರೆಯುತ್ತೇನೆ.

ಅವರು ಹುಟ್ಟಿದ್ದು ಹುಕ್ಕೇರಿ ತಾಲೂಕಿನಲ್ಲಿ, ಸಂಕೇಶ್ವರದ ಹತ್ತಿರ, ಹಿರಣ್ಯಕೇಶಿ ಹೊಳೆಯ ದಂಡೆಯ ಒಂದು ಹಳ್ಳಿಯಲ್ಲಿ. ತಾಯಿ ಹಡೆಯುವಾಗಲೇ ಹೋದಳು. ಸಾಕಿದವಳು ಅಜ್ಜಿ. ಅಜ್ಜಿ ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕೂತು ಹಾಡು ಹೇಳುತ್ತ ಬೀಸುತ್ತಿದ್ದಳಂತೆ. ಇವರು ಆಕೆಯ ತೊಡೆಯ ಮೇಲೆ ಮಲಗಿ ಕೇಳುತ್ತಿದ್ದರಂತೆ. ಹಾಡಿನ ತುಂಬ ಅತ್ತೆಯ ಕಾಟ, ತವರಿನ ನೆನಪು, ಸತ್ತ ಮಗಳು. ಊರಿಗೆ ಗಿರಣಿ ಬಂತು, ಹಾಡು ನಿಂತಿತು. ಹಾಡು ಕೇಳಿ ಬೆಳೆದ ಮೊಮ್ಮಗ ದೊಡ್ಡವನಾಗಿ ಗಿರಣಿಯನ್ನೇ ಹಾಕಿದ. ಇದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು.

ಹತ್ತನೇ ಇಯತ್ತೆಯಲ್ಲಿ ಗಣಿತ ಪಾಸಾದರು, ಕನ್ನಡದಲ್ಲಿ ನಪಾಸಾದರು. ಆಕಳ ಮೇಲೆ ನಿಬಂಧ ಬರೆಯಿರಿ ಎಂದರೆ ಆಕಳು ಮಾರಿ ಅಳುವ ಹೆಂಗಸಿನ ಕತೆ ಬರೆದು ಬಂದಿದ್ದರಂತೆ. ಆಮೇಲೆ ಸಾಲೆಯ ಕಡೆ ಹೋಗಲಿಲ್ಲ. ಮೂಡಲಗಿಗೆ ಬಂದು ಒಬ್ಬರ ಗಿರಣಿಯಲ್ಲಿ ಕೆಲಸಕ್ಕೆ ನಿಂತರು. ಆ ಮಾಲಕರು ಊರು ಬಿಟ್ಟಾಗ ಗಿರಣಿ ಇವರ ಕೈಗೆ ಬಂತು. ಗೋಕಾಕದ ಪೇಂಟರನಿಂದ ಒಂದು ಹಲಗೆ ಬರೆಸಿ ಬಾಗಿಲ ಮೇಲೆ ಹಾಕಿದರು. ಮೇಲೆ ದೇವರ ಹೆಸರು, ಕೆಳಗೆ ಇವರ ಪೂರಾ ಹೆಸರು. ಹಾಕಿದ ಮೇಲೆ ಅದನ್ನು ಒರೆಸಿದವರಲ್ಲ. ಹಿಟ್ಟು ಕೂತು ಕೂತು ಹಲಗೆ ಬೆಳ್ಳಗಾಯಿತು. ಒರೆಸಿರಿ ಎಂದರೆ, "ಹೆಸರು ಓದಾಕ ಯಾರ ಬರ್ತಾರ? ಹಿಟ್ಟು ಒಯ್ಯಾಕ ಬರ್ತಾರ" ಎನ್ನುತ್ತಿದ್ದರು.

ನನ್ನ ತವರು ಕೊಣ್ಣೂರ. ಮದುವೆಯಾಗಿ ಈ ಮನೆಯ ಹೊಸ್ತಿಲಿಗೆ ಬಂದಾಗ ಓಣಿಯ ಹೆಂಗಸರು ಬಾಗಿಲಿಗೆ ಅಡ್ಡ ನಿಂತರು. ಗಂಡನ ಹೆಸರು ಹೇಳಿದರೆ ಒಳಗೆ. ಆ ಒಂದು ದಿನ ಹೇಳಬಹುದು. ಅದೂ ಸುಮ್ಮನೆ ಅಲ್ಲ, ಒಡಪು ಕಟ್ಟಿ ಹೇಳಬೇಕು. ಎರಡು ಸಾಲು ಪ್ರಾಸದ ಮಾತು, ಕಡೆಗೆ ಹೆಸರು. ಕಲಿತು ಬಂದದ್ದನ್ನು ನಾನು ಮರೆತು ನಿಂತೆ. ಹಿಂದೆ ನಿಂತಿದ್ದ ಅವರು ಯಾರಿಗೂ ಕಾಣದಂತೆ ನನ್ನ ಕಿವಿಯಲ್ಲಿ ತಮ್ಮ ಹೆಸರಿನ ಒಡಪನ್ನು ತಾವೇ ಹೇಳಿಕೊಟ್ಟರು.

"ಸಂಕೇಶ್ವರದ ಸಂತಿ, ಸಕ್ಕರಿ ತುಪ್ಪ,
ಬಾಗಲಾ ಬಿಡ್ರಿ, ಬಂದಾರ ಮಾಲಿಂಗಪ್ಪ."

ಹೆಂಗಸರು ನಕ್ಕು ಬಾಗಿಲು ಬಿಟ್ಟರು. ಸೊಸೆ ಶಾಣ್ಯಾಕಿ ಅಂದರು. ಅವರು ಕಟ್ಟಿದ್ದರಲ್ಲಿ ನಾನು ಕೇಳಿದ ಮೊದಲನೆಯದು ಅದು. ಮಾತು ಹೆಂಗಸಿನದು, ಕಟ್ಟಿದವರು ಅವರು, ಹೊಗಳಿಕೆ ನನಗೆ. ಮುಂದೆಯೂ ಹಾಗೇ ಆಯಿತು.

ಗಿರಣಿಯ ಮುಂದೆ ಒಂದು ಕಟ್ಟೆ ಇದೆ. ಜೋಳ ತಂದ ಹೆಂಗಸರು ಪಾಳಿ ಬರುವ ತನಕ ಅಲ್ಲಿ ಕೂಡುತ್ತಾರೆ. ಗಿರಣಿಯ ಸಪ್ಪಳದಲ್ಲಿ ಮೆಲ್ಲಗೆ ಮಾತಾಡಿದರೆ ಬಾಜೂ ಕೂತವಳಿಗೂ ಕೇಳುವುದಿಲ್ಲ. ಆದ್ದರಿಂದ ಗುಟ್ಟಿನ ಮಾತನ್ನೂ ಒದರಿ ಹೇಳಬೇಕು. ಗಂಡನ ಕುಡಿತ, ನಾದಿನಿಯ ಕಳವು, ತಿಂಗಳು ತಪ್ಪಿದ್ದು, ಎಲ್ಲವನ್ನೂ ಅಲ್ಲಿ ಒದರುತ್ತಿದ್ದರು. ಒಳಗೆ ನಿಂತ ಗಿರಣಿಯವನಿಗೆ ಕಿವಿ ಹೋಗಿವೆ ಎಂದು ಎಲ್ಲರೂ ನಂಬಿದ್ದರು. ಅವರೂ ಕರೆದರೆ ತಟ್ಟನೆ ಓ ಎನ್ನುತ್ತಿರಲಿಲ್ಲ. "ಆಂ? ಏನಂದ್ರಿ?" ಎಂದು ಎರಡು ಸಲ ಕೇಳುತ್ತಿದ್ದರು. ಅವರ ಕಿವಿ ಚಲೋ ಇದ್ದವು. ನಾನು ಒಲೆಯ ಮುಂದೆ ಗೊಣಗಿದ್ದೂ ಕೇಳುತ್ತಿತ್ತು.

ಮುಂಜಾನೆ ನಾನು ಗಿರಣಿಯ ಕಡೆ ಹೋಗುತ್ತಿರಲಿಲ್ಲ. ಬೇರೆಯವರ ಹೊಲಕ್ಕೆ ಕಸ ತೆಗೆಯಲು ಹೋಗುತ್ತಿದ್ದೆ. ಕಟ್ಟೆಯ ಮಾತು ಕೇಳುತ್ತಿದ್ದವರು ಅವರೊಬ್ಬರೇ.

ಇಲ್ಲಿ ಜಿನ್ನವ್ವನ ಸುದ್ದಿ ಹೇಳಬೇಕು. ನಮ್ಮ ಓಣಿಯ ಜೈನರ ಮನೆಯ ಸೊಸೆ, ಕೊಲ್ಹಾಪುರದ ಕಡೆಯವಳು, ಸಿಟ್ಟು ಬಂದರೆ ಮರಾಠಿ. ಅವಳ ತಂಗಿ ಗಂಡನನ್ನು ಕಳಕೊಂಡು ಇದೇ ಊರಲ್ಲಿ ಆಚೆ ಓಣಿಯಲ್ಲಿ ಇದ್ದಳು. ಜಿನ್ನವ್ವ ಜೋಳ ಬೀಸಿಸಿದಾಗೊಮ್ಮೆ ಹಿಟ್ಟಿನಲ್ಲಿ ಒಂದು ಪಾಲು ತಂಗಿಯ ಚೀಲಕ್ಕೆ ಹಾಕುತ್ತಿದ್ದಳು. ಹಿಟ್ಟು ಯಾಕೆ ಕಡಿಮೆ ಎಂದು ಅತ್ತೆ ಕೇಳಿದರೆ, "ಗಿರಣಿ ತಿಂತೈತ್ರಿ" ಎನ್ನುತ್ತಿದ್ದಳು. ಈ ಉಪಾಯವನ್ನು ಅವಳು ಕಟ್ಟೆಯ ಮೇಲೆ ಎಲ್ಲರಿಗೂ ಒದರಿ ಹೇಳಿ ನಕ್ಕಿದ್ದಳು.

ಒಂದು ದಿನ ಅತ್ತೆ ಕೋಲು ಊರಿಕೊಂಡು ಗಿರಣಿಗೇ ಬಂದಳು.

"ಏನೋ ಮಾಲಿಂಗ್ಯಾ, ನಿನ್ನ ಗಿರಣಿಗೆ ಹೊಟ್ಟಿ ಐತೇನ?"

ಇವರು ಮೋಟಾರು ಬಂದು ಮಾಡಿ, ಕೈ ಮುಗಿದು, "ಹೌದ್ರಿ ಅಮ್ಮಾ, ಕಲ್ಲು ಹೊಸಾದು ಐತ್ರಿ. ಹೊಸಾ ಕಲ್ಲು ಒಂದೀಟು ತಿಂತೈತಿ. ಸೊಸಿ ಇದ್ಹಂಗ ನೋಡ್ರಿ, ಹೊಂದ್ಕೊಳ್ಳಾಕ ಬಾಳ ದಿನಾ ಬೇಕು" ಎಂದರು.

ಮುದುಕಿ ನಕ್ಕು ಹೋಯಿತು. ಜಿನ್ನವ್ವ, ಈ ಕಿವುಡ ಗಿರಣಿಯವ ಸುಮ್ಮನೆ ತಪ್ಪು ಒಪ್ಪಿಕೊಂಡ ಎಂದು ತಿಳಿದಳು. ನಮ್ಮ ಗಿರಣಿ ಹಿಟ್ಟು ತಿನ್ನುತ್ತದೆ ಎಂದು ಊರ ತುಂಬ ಹೆಸರಾಯಿತು. ಕೆಲವರು ಮಾಳಪ್ಪನ ಗಿರಣಿಗೆ ಹೋದರು. ನಾನು ಜಗಳ ತೆಗೆದೆ.

"ಕಲ್ಲು ಹಾಕಿ ಆರು ವರ್ಷ ಆತು. ಹೊಸಾದು ಅಂದ್ರಂತ?"

"ಹಿಟ್ಟು ಎಲ್ಲಿ ಹೋಗಬೇಕೋ ಅಲ್ಲಿ ಹೋಗೇತಿ. ನೀ ಸುಮ್ಮನಿರು."

ಅದನ್ನೇ ಕತೆ ಮಾಡಿದರು. ಕರೆಂಟು ಹೋದಾಗ ಬರೆಯುತ್ತಿದ್ದರು. ಕರೆಂಟು ಬಹಳ ಹೋಗುತ್ತಿತ್ತು, ಕತೆಗಳೂ ಬಹಳ ಆದವು. ಬರೆದು ನನಗೆ ಓದಿ ಹೇಳುತ್ತಿದ್ದರು. ಕತೆಯಲ್ಲಿ 'ನಾನು' ಎಂದರೆ ಯಾವಾಗಲೂ ಹೆಂಗಸೇ. ಯಾಕೆ ಎಂದು ಕೇಳಿದೆ. "ಗಂಡಸರು ಜ್ವಾಳಾ ತರೂದಿಲ್ಲ. ಅವರ ಮಾತು ನನಗ ಗೊತ್ತಿಲ್ಲ" ಎಂದರು.

ಮೊದಲ ಕತೆ ತೊಂಬತ್ತನಾಲ್ಕರಲ್ಲಿ ಹುಬ್ಬಳ್ಳಿಯ ಒಂದು ವಾರಪತ್ರಿಕೆಯಲ್ಲಿ ಬಂತು. ಸ್ವಂತ ಹೆಸರು ಹಾಕಿದರೆ ಗಿರಣಿ ಮುಳುಗುತ್ತಿತ್ತು. ತಮ್ಮ ಮಾತನ್ನೆಲ್ಲ ಕೇಳಿ ಬರೆಯುವವನ ಹತ್ತಿರ ಯಾವ ಹೆಂಗಸು ಜೋಳ ತರುತ್ತಾಳೆ? ಅದಕ್ಕೆ ತಮ್ಮ ಊರ ಹೊಳೆಯ ಹೆಸರು ಇಟ್ಟುಕೊಂಡರು. ಅವರು ಬರೆದದ್ದು ಬರೇ 'ಹಿರಣ್ಯಕೇಶಿ'. ಪತ್ರಿಕೆಯವರು ಕತೆ ಓದಿ 'ಶ್ರೀಮತಿ' ಎಂದು ತಾವೇ ಹಚ್ಚಿದರು. ತಿದ್ದಬೇಕಾದರೆ ಯಾರು ಎಂದು ಹೇಳಬೇಕು. ತಿದ್ದಲಿಲ್ಲ.

ಓದಿದವರು ಪತ್ರ ಬರೆದರು. ಎಲ್ಲ ಪತ್ರ 'ಪ್ರಿಯ ಸೋದರಿ' ಎಂದೇ ಸುರು. ಹೆಂಡತಿ ಸತ್ತ ಮಾಸ್ತರರೊಬ್ಬರು ಧಾರವಾಡದಿಂದ ಎರಡು ಸಲ ಬರೆದರು, ಎರಡನೆಯ ಸಲ ಫೋಟೋ ಇಟ್ಟಿದ್ದರು. ಇವರು 'ನನಗೆ ಮದುವೆಯಾಗಿದೆ' ಎಂದು ಒಂದೇ ಸಾಲು ಉತ್ತರ ಬರೆದರು. ಅದು ಸುಳ್ಳಲ್ಲ.

ಟಪಾಲಿನ ಬೀರಸಿದ್ದಪ್ಪನಿಗೆ ಮಾತ್ರ ಸುಳ್ಳು ಹೇಳಿದರು. ಹಿರಣ್ಯಕೇಶಿ ಯಾರ್ರಿ ಎಂದು ಅವನು ಕೇಳಿದಾಗ, "ನಮ್ಮ ಅಕ್ಕ. ಸಂಕೇಶ್ವರದಾಗ ಇರ್ತಾಳ, ಪತ್ರ ಇಲ್ಲಿಗೆ ತರಿಸ್ಕೊತಾಳ" ಎಂದರು. ಅಂದಿನಿಂದ ಬೀರಸಿದ್ದಪ್ಪ ಪತ್ರ ತಂದಾಗೊಮ್ಮೆ, "ಅಕ್ಕಾರು ಅರಾಮ ಅದಾರೇನ್ರಿ?" ಎಂದು ಕೇಳುವುದು, ಇವರು "ಮೊಣಕಾಲು ನೋಯಾಕತ್ತಾವಂತ" ಎನ್ನುವುದು ನಡೆಯಿತು. ಒಂದು ಸಲ ಅವನು ಮೊಣಕಾಲಿಗೆ ಹಚ್ಚುವ ಎಣ್ಣೆಯನ್ನೂ ತಂದು ಕೊಟ್ಟ. ಅದನ್ನು ನಾನು ಹಚ್ಚಿಕೊಂಡೆ.

ಹೀಗೆ ಒಂಬತ್ತು ವರ್ಷ. ಆಮೇಲೆ ಗೋಕಾಕದ ಸಂಘದವರು ಕತೆಗಳನ್ನು ಕೂಡಿಸಿ ಪುಸ್ತಕ ಮಾಡುತ್ತೇವೆ ಎಂದು ಬರೆದರು. ಎಲ್ಲ ಪತ್ರದಲ್ಲೇ ನಡೆಯಿತು. ಅವರು ಇವರನ್ನು ನೋಡಿರಲಿಲ್ಲ.

ಆ ಶುಕ್ರವಾರದ ಮರುದಿನ ಶನಿವಾರ. ಗಿರಣಿ ಸೂಟಿ. ಗಿರಣಿಯ ಕಲ್ಲು ಸವೆದಿರುತ್ತದೆ, ಅದನ್ನು ಬಿಚ್ಚಿ ಉಳಿಯಿಂದ ಕಟೆಯುವ ದಿನ. ನಾನು ಹೊಲದಲ್ಲಿದ್ದೆ. ಓಣಿಯವರು ಕರೆಯಲು ಬಂದರು. ನಾನು ಬಂದು ನೋಡಿದಾಗ ಅವರು ಕಲ್ಲಿಗೆ ಆತು ಕೂತಿದ್ದರು, ಕೈಯಲ್ಲಿ ಉಳಿ ಹಾಗೇ ಇತ್ತು. ಎದೆ ನಿಂತಿದೆ ಎಂದು ಡಾಕ್ಟರು ಹೇಳಿದರು. ಮೈ ತೊಳೆಯುವಾಗ ಹುಬ್ಬಿನ ಹಿಟ್ಟು ನಾನೇ ಒರೆಸಿದೆ. ಆಗ ಹೋಯಿತು. ಕೆಳಗೆ ಹುಬ್ಬು ಕಪ್ಪಗೇ ಇತ್ತು.

ಮಣ್ಣು ಮಾಡಿ ಬಂದ ಮೇಲೆ ಬೀರಸಿದ್ದಪ್ಪ ಹತ್ತಿರ ಬಂದು ಕೂತ.

"ಅಕ್ಕಾರು ಬರಲಿಲ್ಲೇನವ್ವಾ, ತಮ್ಮನ ಮಣ್ಣಿಗೆ?"

"ಆಕೀನೂ ಹೋದಳಪ್ಪಾ" ಎಂದೆ.

"ಅಯ್ಯೋ ಶಿವನ! ಯಾವಾಗವ್ವಾ?"

"ಅವರ ಜೋಡೀನ."

ಅವನು ಇಬ್ಬರಿಗೂ ಕೈ ಮುಗಿದ.

ಲೇಖಕಿ ಬರಲಿಲ್ಲವೆಂದು ಗೋಕಾಕದ ಕಾರ್ಯಕ್ರಮ ಮುಂದೆ ಹೋಯಿತು. ದಿನಕರ್ಮ ಮುಗಿದ ಮೇಲೆ ಒಂದು ಜೀಪು ಬಂದು ಗಿರಣಿಯ ಮುಂದೆ ನಿಂತಿತು. ಇಳಿದವರು ಸಂಘದ ಅಧ್ಯಕ್ಷರು, ರಾವಸಾಹೇಬರು. ಕಾಲೇಜಿನಲ್ಲಿ ಕಲಿಸಿ ರಿಟಾಯರ್ ಆದವರು. ಬಿಳಿ ಅಂಗಿ. ಗಿರಣಿಯ ಬಾಗಿಲಲ್ಲಿ ಹಿಟ್ಟು ಹತ್ತದಂತೆ ಅಂಗಿ ಹಿಡಿದುಕೊಂಡು ನಿಂತರು.

"ಹಿರಣ್ಯಕೇಶಿ ತಾಯಿ, ಬಸ್ ಸ್ಟ್ಯಾಂಡಿನ್ಯಾಗ ಸುದ್ದಿ ಗೊತ್ತಾತ್ರಿ. ಇಂಥಾ ದುಃಖದಾಗ ನೀವರ ಹೆಂಗ ಬರ್ತೀರಿ."

"ನಾ ಅಲ್ರಿ. ಬರೀತಿದ್ದವರು ಅವರ್ರಿ" ಎಂದೆ.

"ಅವರಂದ್ರ?"

"ಅವರು."

"ಹೆಸರು ಹೇಳ್ರಿ ತಾಯಿ."

ನಾಲಿಗೆಯ ಮೇಲೆ ಬಂತು, ಹೊರಗೆ ಬರಲಿಲ್ಲ. ಬಾಗಿಲ ಮೇಲಿನ ಹಲಗೆಯ ಕಡೆ ಕೈ ಮಾಡಿದೆ. ಹಲಗೆಯ ಮೇಲೆ ಬೆರಳು ದಪ್ಪ ಹಿಟ್ಟು. ಒಂದು ಅಕ್ಷರ ಕಾಣುತ್ತಿರಲಿಲ್ಲ. ರಾವಸಾಹೇಬರು ಹಿಟ್ಟು ನೋಡಿದರು, ನನ್ನನ್ನು ನೋಡಿದರು. "ಎಂಥಾ ವಿನಯ" ಎಂದರು.

ಒಳಗೆ ಹೋಗಿ ಅವರು ಅರ್ಧ ಬರೆದಿಟ್ಟಿದ್ದ ಕತೆಯ ಹಾಳೆಗಳನ್ನು ತಂದು ಕೈಯಲ್ಲಿ ಕೊಟ್ಟೆ. ಗಿರಣಿಯ ಲೆಕ್ಕದ ಹಾಳೆಗಳೇ ಅವು. ಕೆಳಗೆ ಜೋಳ ತಂದವರ ಹೆಸರು, ಮೇಲೆ ಕತೆ, ಎಲ್ಲ ಒಂದೇ ಕೈ ಬರಹ. "ಇದು ಯಾರದು ಅಂತ ಈ ಓಣ್ಯಾಗ ಯಾರನ್ನರ ಕೇಳ್ರಿ, ಗಿರಣಿಯವರದು ಅಂತಾರ" ಎಂದೆ. ಓದಿದರು. ಜೋಳದ ಚೀಲದ ಮೇಲೆ ಕೂತೇ ಬಿಟ್ಟರು. ಅಂಗಿಯ ನೆನಪು ಹೋಗಿತ್ತು.

"ಗಂಡಸು?"

"ಹೌದ್ರಿ."

"ಹಡಿಯೂ ಬ್ಯಾನಿ ಹಿಂಗ ಬರದಾರಲ್ಲ?"

"ಗಿರಣ್ಯಾಗ ಕೇಳ್ಯಾರ್ರಿ."

"ತಾಯಿ, ನಾ ಹದಿನೆಂಟು ಪುಟ ಮುನ್ನುಡಿ ಬರದೇನಿ. ಇದು ಹೆಣ್ಣಿನ ಒಡಲು ಮಾತ್ರ ಬರೆಯಬಲ್ಲ ಬರಹ, ಯಾವ ಗಂಡಸಿನ ಕೈಯಲ್ಲೂ ಆಗದು ಅಂತ. ಛಾಪಾ ಆಗೇತಿ. ಮ್ಯಾಲ ಬಹುಮಾನ ಕೊಟ್ಟವರು ತಮ್ಮ ತಾಯಿ ಹೆಸರಿಲೆ ಇಟ್ಟಾರ. ಉದಯೋನ್ಮುಖ ಲೇಖಕಿಗೆ ಅಷ್ಟ ಅದು."

"ಉದಯೋನ್ಮುಖ ಅಂದ್ರೇನ್ರಿ?"

"ಈಗರ ಮೂಡಿ ಬರಾಕತ್ತವರು ಅಂತ."

"ಅವರು ಮುಳುಗಿ ಹೋಗ್ಯಾರಲ್ರಿ."

ರಾವಸಾಹೇಬರು ಹಾಳೆಗಳನ್ನು ಮಡಚಿ ನನ್ನ ಕೈಗೆ ತಿರುಗಿ ಕೊಟ್ಟರು. ಆಮೇಲೆ ತಗ್ಗಿದ ದನಿಯಲ್ಲಿ, "ನೀವು ಬಂದುಬಿಡ್ರಿ. ಮಾಲಿ ಹಾಕಿಸ್ಕೊಂಡು ಸುಮ್ನ ಕುಂದರ್ರಿ. ಭಾಷಣ ಬ್ಯಾಡ. ದುಃಖದಾಗ ಅದಾರ ಅಂತ ನಾ ಹೇಳ್ತೇನಿ. ಪುಸ್ತಕ ಹೊರಗ ಬರ್ತೈತಲ್ಲ, ಅವರ ಆತ್ಮಕ್ಕೂ ಶಾಂತಿ" ಎಂದರು.

"ಅಲ್ಲೆ ಮೈಕು ಇರ್ತೈತೇನ್ರಿ?"

"ಇರ್ತೈತಿ. ಯಾಕ?"

"ಬರ್ತೇನಿ" ಎಂದೆ.

ಜೀಪು ಹೋಗುವುದರೊಳಗೆ ಓಣಿ ತುಂಬ ಸುದ್ದಿಯಾಗಿತ್ತು. ಜಿನ್ನವ್ವ ಬಂದಳು.

"ಏ ಬಾಯಿ ಲಕ್ಕವ್ವಾ, ನೀ ಕತಿ ಬರದೀಯಂತ? ಮೊನ್ನಿ ಹಿಟ್ಟಿನ ಚೀಟಿ ಬರ್ಯಾಕ ನಿನಗ ಅರ್ಧಾ ತಾಸು ಹಿಡೀತು."

"ಗೋಕಾಕಕ್ಕ ಹೋಗಿ ಬಂದು ಹೇಳ್ತೇನಿ."

"ನಾವೂ ಬರ್ತೇವಿ."

ಬೇಡ ಎಂದೆ. ಬೇಡ ಎಂದದ್ದಕ್ಕೆ ಇಡೀ ಕಟ್ಟೆಯೇ ಹೊರಟಿತು.

ನನಗೆ ಅಂಜಿಕೆ ಸುರುವಾಯಿತು. ಈಗ ಗಿರಣಿಯನ್ನು ನಾನೇ ನಡೆಸುತ್ತಿದ್ದೆ. ನನ್ನ ಹೊಟ್ಟೆ ಅದರ ಮೇಲೆ. ಈ ಹೆಂಗಸರ ಮುಂದೆಯೇ ಅವರ ಹೆಸರು ಹೇಳಿದರೆ ಮರುದಿನ ಎಲ್ಲ ಜೋಳ ಮಾಳಪ್ಪನ ಗಿರಣಿಗೆ. ಹೇಳದಿದ್ದರೆ, ಒಂದು ಸಲ ಮೈಕಿನಲ್ಲಿ ಬಂದರೆ ಸಾಕು ಎಂದಿದ್ದ ಹೆಸರು ಇನ್ನು ಎಂದೂ ಬರುವುದಿಲ್ಲ. ಬಸ್ಸಿನ ತುಂಬ ಇದನ್ನೇ ಯೋಚಿಸಿದೆ. ಹೆಂಗಸರು ಪುಟಾಣಿ ಕಡಲೆ ತಿನ್ನುತ್ತ ನಗುತ್ತಿದ್ದರು.

ಗೋಕಾಕದ ಸಭೆಯಲ್ಲಿ ನನ್ನನ್ನು ಮೇಲೆ ಕೂಡಿಸಿದರು. ಹೆಣ್ಣುಮಕ್ಕಳು ಮೂಢನಂಬಿಕೆಯ ಬೇಡಿ ಹರಿದುಕೊಂಡು ಬರಬೇಕು ಎಂದು ರಾವಸಾಹೇಬರು ಬಹಳ ಹೊತ್ತು ಮಾತಾಡಿದರು. ಆಮೇಲೆ ವೇದಿಕೆಯ ಮೇಲಿನ ಹೆಂಗಸರಿಗೆ ಅರಿಷಿಣ ಕುಂಕುಮದ ತಾಟು ಬಂತು. ನನ್ನ ಹತ್ತಿರ ಬಂದು, ಹಣೆ ನೋಡಿ, ದಾಟಿ ಹೋಯಿತು. ಹೊರಗೆ ಹೊತ್ತು ಇಳಿಯುತ್ತಿತ್ತು. ಜಿನ್ನವ್ವ ಹೊತ್ತು ಮುಳುಗಿದ ಮೇಲೆ ಉಣ್ಣುವವಳಲ್ಲ. ಅವಳು ಕಿಟಕಿ ನೋಡುತ್ತ, ಬಾಯೊಳಗೆ ಮರಾಠಿಯಲ್ಲಿ ರಾವಸಾಹೇಬರನ್ನು ಬೈಯುತ್ತ ಕೂತಿದ್ದಳು.

ಕಾಲೇಜಿನ ಹುಡುಗಿಯೊಬ್ಬಳು ಪುಸ್ತಕದ ಒಂದು ಕತೆ ಓದಿದಳು. ಹಿಟ್ಟು ತಿನ್ನುವ ಗಿರಣಿಯ ಕತೆಯೇ. ಸೊಸೆ ತಂಗಿಯ ಚೀಲಕ್ಕೆ ಹಿಟ್ಟು ಹಾಕುವುದು, ಅತ್ತೆ ಕೋಲು ಊರಿಕೊಂಡು ಬರುವುದು, ಗಿರಣಿಯವ ಕಲ್ಲು ಹೊಸದು ಎನ್ನುವುದು. ಸಭೆ ನಕ್ಕಿತು. ನಮ್ಮ ಕಟ್ಟೆ ನಗಲಿಲ್ಲ. ಜಿನ್ನವ್ವ ಕಿಟಕಿ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ಮಾಲೆ ಹಾಕಿದರು, ಶಾಲು ಹೊದಿಸಿದರು, ಗಾಜಿನ ಫಲಕ ಕೊಟ್ಟರು. ನಾನು ಎದ್ದು ಮೈಕಿನ ಕಡೆ ನಡೆದೆ. "ತಾಯಿ, ಕುಂದರ್ರಿ" ಎಂದು ರಾವಸಾಹೇಬರು ಹಲ್ಲು ಕಚ್ಚಿ ಹೇಳಿದರು. ಮೈಕು ಹಿಡಿದೆ. ಬಾಯಿ ತೆರೆದೆ. ಹೆಸರು ಬರಲಿಲ್ಲ. ಹದಿನಾಲ್ಕು ವರ್ಷ ಹೇಳದ ಹೆಸರು ಸುಮ್ಮನೆ ಹೇಗೆ ಬರುತ್ತದೆ? ಗಂಡ ಸತ್ತವಳನ್ನು ಯಾರೂ ಒಡಪು ಹಾಕು ಎಂದು ಕೇಳುವುದಿಲ್ಲ. ನನಗೆ ಬೇರೆ ದಾರಿ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ ಹೊಸ್ತಿಲ ಮೇಲೆ ನಿಂತೆ ಎಂದುಕೊಂಡೆ.

"ಮೂಡಲಗಿ ಹಿಟ್ಟ, ಗೋಕಾಕದ ತುಪ್ಪ,
ಕತಿ ನನ್ನದಲ್ಲ, ತಿಳೀಬ್ಯಾಡ್ರಿ ತಪ್ಪ,
ಬರದವರು ನಮ್ಮನಿ ಮಾಲಿಂಗಪ್ಪ."

ಹೇಳಿದೆ. ಮೈಕಿನಲ್ಲಿ ಹೆಸರು ದೊಡ್ಡದಾಗಿ ಬಂತು.

ಸಭೆ ಚಪ್ಪಾಳೆ ಹೊಡೆಯಿತು. ನಿಲ್ಲಿಸಲೇ ಇಲ್ಲ. ರಾವಸಾಹೇಬರು ಬಂದು ಮೈಕು ಇಸಕೊಂಡರು. ಅವರ ಮುಖ ಅರಳಿತ್ತು. "ಕೇಳಿದಿರಾ? ನಿಂತ ಕಾಲ ಮೇಲೆ ಕಟ್ಟಿದ ಕವನ! ತನ್ನ ಬರಹದ ಕೀರ್ತಿಯನ್ನೆಲ್ಲ ಅಗಲಿದ ಗಂಡನಿಗೆ ಧಾರೆ ಎರೆದ ಈ ತಾಯಿಯಲ್ಲದೆ ಇಂಥ ಕತೆಗಳನ್ನು ಯಾರು ಬರೆದಾರು?" ಎಂದರು. ಮತ್ತೆ ಚಪ್ಪಾಳೆ. ಇನ್ನೊಂದು ಮಾಲೆ ಬಂತು.

ತಿರುಗಿ ಬರುವಾಗ ಬಸ್ಸಿನಲ್ಲಿ ಎಲ್ಲರೂ ನನ್ನಿಂದ ದೂರ ಕೂತರು. ಪುಟಾಣಿಯ ಚೀಲ ಯಾರೂ ಬಿಚ್ಚಲಿಲ್ಲ. ಜಿನ್ನವ್ವನ ಊಟ ತಪ್ಪಿತ್ತು.

ಮರುದಿನ ಮುಂಜಾನೆ ಗಿರಣಿ ತೆಗೆದು ಕೂತೆ. ಕರೆಂಟು ಇತ್ತು. ಕಟ್ಟೆ ಖಾಲಿ. ಬಿಸಿಲು ಕಟ್ಟೆಯ ಮೇಲೆ ಬಂತು, ಹೆಂಗಸರು ಬರಲಿಲ್ಲ. ಹೆಸರೂ ಉಳಿಯಲಿಲ್ಲ, ಗಿರಣಿಯೂ ಉಳಿಯಲಿಲ್ಲ ಎಂದುಕೊಂಡೆ. ಸಾಹಿತ್ಯದ ಲಾಭ ಇಷ್ಟೇ ಎಂದುಕೊಂಡು ಎದ್ದು ಬಾಗಿಲು ಹಾಕಬೇಕು ಎನ್ನುವಾಗ ಜಿನ್ನವ್ವ ತಲೆಯ ಮೇಲೆ ಬುಟ್ಟಿ ಹೊತ್ತು ಬಂದಳು.

"ಮಾಳಪ್ಪನ ಗಿರಣಿಗೆ ಹೋಗೀರಿ ಅಂತ ತಿಳ್ದಿದ್ನಿ" ಎಂದೆ.

"ಹೋಗಿದ್ವಿ. ಅಂವ ಹೊಸಾ ಮಶೀನ ಹಾಕ್ಯಾನ, ಸಪ್ಪಳನ ಇಲ್ಲ. ಒಬ್ಬರ ಮಾತು ಒಬ್ಬರಿಗೆ ಕೇಳತೈತಿ. ಅಲ್ಲಿ ಹೆಂಗ ಮಾತಾಡೂದು ಬಾಯಿ?"

ಬುಟ್ಟಿ ಇಳಿಸಿ ಕಟ್ಟೆಯ ಮೇಲೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಣ್ಣಾರ ಬರದಿದ್ದು ಖರೆ. ನೀ ಒಂದು ದಿನಾ ಮುಂಜಾನೆ ಈ ಕಟ್ಟಿ ಮ್ಯಾಲ ಕುಂತಾಕಿ ಅಲ್ಲ. ಆ ಬಿಳಿ ಅಂಗಿಯಾವಗ ಏನ ಗೊತ್ತು." ಸ್ವಲ್ಪ ತಡೆದು ಕೇಳಿದಳು, "ಅಂದ್ರ ನಮ್ಮತ್ತಿ ಬಂದಾಗ ಅಣ್ಣಾರಿಗೆ ಎಲ್ಲಾ ಗೊತ್ತಿತ್ತು?"

"ಗೊತ್ತಿತ್ತು."

"ಕಲ್ಲು?"

"ಹಳೇದಿತ್ತು."

ಜಿನ್ನವ್ವ ಬಾಗಿಲ ತನಕ ಹೋಗಿ ಕಲ್ಲು ನೋಡಿ ಬಂದಳು. ಅಷ್ಟರಲ್ಲಿ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಬುಟ್ಟಿಗಳನ್ನು ಪಾಳಿಗೆ ಇಟ್ಟರು. ಕಡೆಗೆ ಜಿನ್ನವ್ವನೇ ಮಾತು ತೆಗೆದಳು.

"ಅಲ್ಲ ಲಕ್ಕವ್ವಾ, ನಮ್ಮ ನಾದಿನಿ ಬೆಳ್ಳಿ ಚೈನ ಕದ್ದ ಸುದ್ದಿ ನಾ ಎಷ್ಟ ಸಲ ಒದರಿದ್ನಿ ಇಲ್ಲೆ. ಅದನ್ನ್ಯಾಕ ಬರೀಲಿಲ್ಲ ಅಣ್ಣಾರು? ಅದ ಚಲೋ ಇತ್ತಲ್ಲ!"

ಎಲ್ಲರೂ ನಕ್ಕರು. ನನಗೂ ನಗು ಬಂತು. ಅವರು ಹೋದ ಮೇಲೆ ಮೊದಲ ಸಲ. ಜಿನ್ನವ್ವ ಆ ದಿನ ತಂಗಿಯ ಚೀಲವನ್ನು ಮುಚ್ಚಿಡದೆ ಎಲ್ಲರ ಮುಂದೆ ತುಂಬಿಸಿದಳು. "ಗಿರಣಿ ತಿಂತು" ಎಂದಳು.

ಪತ್ರಿಕೆಯಲ್ಲಿ ನನ್ನ ಫೋಟೋ ಬಂದಿತ್ತು. 'ಆಶುಕವನದಿಂದ ಸಭಿಕರ ಮನಗೆದ್ದ ಲೇಖಕಿ ಹಿರಣ್ಯಕೇಶಿ' ಎಂದಿತ್ತು. ಕವನದ ಎರಡು ಸಾಲು ಹಾಕಿದ್ದರು, ಮೂರನೆಯದಕ್ಕೆ ಜಾಗ ಸಾಲಲಿಲ್ಲವೋ ಏನೋ. ಬೀರಸಿದ್ದಪ್ಪ ಅದನ್ನು ತಂದು ತೋರಿಸಿ, "ಸತ್ತ ಅಕ್ಕಾರ ಹೆಸರು ನೀವ್ಯಾಕ ಇಟ್ಕೊಂಡ್ರಿ?" ಎಂದು ಕೇಳಿದ. ಅವನಿಗೆ ಇನ್ನೂ ಪೂರಾ ತಿಳಿಸಿ ಹೇಳಲು ಆಗಿಲ್ಲ. ರಾವಸಾಹೇಬರು ವರ್ಷಕ್ಕೊಮ್ಮೆ ಕಾರ್ಡು ಬರೆಯುತ್ತಾರೆ. ಎರಡನೆಯ ಸಂಕಲನ ಯಾವಾಗ ಎಂದು ಕೇಳುತ್ತಾರೆ. ಮುನ್ನುಡಿ ಸಿದ್ಧವಿದೆಯಂತೆ. ನಾನು ಉತ್ತರ ಬರೆಯುವುದಿಲ್ಲ. ಇದೊಂದನ್ನು ಬರೆದೆ. ಕರೆಂಟು ಹೋದಾಗ ಬರೆದೆ.

ಕಟ್ಟೆಯ ಮೇಲೆ ಈಗಲೂ ಎಲ್ಲ ಒದರುತ್ತಾರೆ. ಒಳಗೆ ಟವೆಲ್ಲು ಸುತ್ತಿಕೊಂಡು ನಾನು ನಿಂತಿರುತ್ತೇನೆ. ಕರೆದರೆ ಎರಡು ಸಲ "ಆಂ?" ಎನ್ನುತ್ತೇನೆ.

ಮುಂಜಾನೆ ಗಿರಣಿ ತೆಗೆದರೆ ನನಗೆ ಮೊದಲ ಕೆಲಸ ಹಲಗೆಯದು. ಒಂದು ದಿನ ಬೀಸಿದರೆ ಸಾಕು, ಮತ್ತೆ ಬೆಳ್ಳಗಾಗಿರುತ್ತದೆ. ಜೋಳದ ಡಬ್ಬಿಯ ಮೇಲೆ ಹತ್ತಿ ನಿಂತು ಒದ್ದೆ ಅರಿವೆಯಿಂದ ಒರೆಸುತ್ತೇನೆ. ದೇವರ ಹೆಸರಿಗೆ ಒಂದು ಕೈ ಹೊಡೆದು ಬಿಡುತ್ತೇನೆ, ದೇವರನ್ನು ಎಲ್ಲರೂ ಬಲ್ಲರು. ಕೆಳಗಿನ ಸಾಲನ್ನು ತಿಕ್ಕಿ ಒರೆಸುತ್ತೇನೆ. ಮೊದಲು 'ಮಾ' ಕಾಣುತ್ತದೆ, ಆಮೇಲೆ ಉಳಿದದ್ದು. ಕೆಳಗಿಳಿದು, ರಸ್ತೆಯ ಆಚೆ ಹೋಗಿ ನಿಂತು, ಓದಲು ಬರುತ್ತದೆಯೇ ಎಂದು ನೋಡುತ್ತೇನೆ. ಬಂದರೆ ಅರಿವೆ ಹಿಂಡಿ ಒಣಹಾಕಿ ಮೋಟಾರು ಸುರು ಮಾಡುತ್ತೇನೆ.